ರಸಾಯನಶಾಸ್ತ್ರದ ಲೆಕ್ಕವೂ ಕನ್ನಿಜ್ಜಾರೋವಿನ ಪಾಠಕ್ರಮವೂ

ಒಂದು ಗ್ರಾಂ ಜಲಜನಕವು ಉರಿದು ನೀರಾಗುವುದಕ್ಕೆ ಎಷ್ಟು ಆಮ್ಲಜನಕವು ಬೇಕು? ನೀರಿನ ಅಣುವೊಂದರಲ್ಲಿ ಯಾವ ಧಾತುವಿನ ಪರಮಾಣುಗಳು ಎಷ್ಟೆಷ್ಟಿವೆ? ರಸಾಯನಶಾಸ್ತ್ರವನ್ನು ಹೊಸದಾಗಿ ಕಲಿಯುವ ವಿದ್ಯಾರ್ಥಿಗಳಿಗೆ ಮನೆಯಲ್ಲಿ ಮಾಡಿತರುವುದಕ್ಕೆಂದು ಕೊಡುವ ಲೆಕ್ಕಗಳಲ್ಲಿ ಇವೆರಡೂ ಅಕ್ಕಪಕ್ಕದಲ್ಲಿಯೇ ಇರುವುವು. ಶಾಸ್ತ್ರದ ಚರಿತ್ರೆಯಲ್ಲಿಯಾದರೋ ಇವುಗಳ ಉತ್ತರಗಳಿಗೆ ಅರ್ಧ ಶತಮಾನಕ್ಕೂ ಹೆಚ್ಚಿನ ಅಂತರವುಂಟು.

ಮೊದಲನೆಯ ಪ್ರಶ್ನೆಗೆ ತಕ್ಕಡಿಯೇ ಉತ್ತರವನ್ನು ಕೊಟ್ಟಿತು. ರಸಾಯನಕ್ರಿಯೆಯ ಮೊದಲೂ ಕೊನೆಯೂ ವಸ್ತುಗಳ ಒಟ್ಟು ತೂಕವು ಒಂದೇ ಎಂಬ ತತ್ತ್ವವನ್ನು ಫ್ರಾನ್ಸಿನ ಲವಾಸಿಯೇ 1789ರ ತನ್ನ ಗ್ರಂಥದಲ್ಲಿ ಸ್ಪಷ್ಟಪಡಿಸಿದನು. ಜರ್ಮನಿಯ ರಿಕ್ಟರನು 1792ರಲ್ಲಿ, ಧಾತು ಮತ್ತು ಅಳತೆ ಎಂಬರ್ಥದ ಎರಡು ಗ್ರೀಕ್ ಶಬ್ದಗಳನ್ನು ಕೂಡಿಸಿ, ಈ ಗಣಿತಕ್ಕೆ ಸ್ಟಾಯಿಕಿಯೋಮೆಟ್ರಿ ಎಂದು ಹೆಸರಿಟ್ಟನು. 1 ಗ್ರಾಂ ಜಲಜನಕಕ್ಕೆ 8 ಗ್ರಾಂ ಆಮ್ಲಜನಕವು ಸೇರಿ 9 ಗ್ರಾಂ ನೀರಾಗುವುದೆಂದು ತಿಳಿಯುವುದಕ್ಕೆ ಪರಮಾಣುಗಳ ಎಣಿಕೆಯೇ ಬೇಕಿಲ್ಲ.

ಎರಡನೆಯ ಪ್ರಶ್ನೆಗೆ ತಕ್ಕಡಿಯೊಂದೇ ಸಾಲದಾಯಿತು. ಡಾಲ್ಟನನು 1808ರ ತನ್ನ ಗ್ರಂಥದಲ್ಲಿ, ಎರಡು ಧಾತುಗಳ ಒಂದೇ ಸಂಯುಕ್ತವು ತಿಳಿದಿದ್ದರೆ ಅದರಲ್ಲಿ ಒಂದಕ್ಕೆ ಒಂದರಂತೆ ಪರಮಾಣುಗಳಿರುವುವೆಂದು ಇಟ್ಟುಕೊಂಡನು. ಹಾಗಾದರೆ ಮೇಲಣ ತೂಕಗಳಿಂದ ಆಮ್ಲಜನಕದ ಪರಮಾಣುಭಾರವು 8 ಆಗಬೇಕು. ಆದರೆ ಎರಡು ಪಾಲು ಗಾತ್ರದ ಜಲಜನಕವೂ ಒಂದು ಪಾಲು ಆಮ್ಲಜನಕವೂ ಕೂಡಿ ಎರಡು ಪಾಲು ಉಗಿಯಾಗುವುದನ್ನು ಗೇ-ಲ್ಯೂಸಾಕನು ತೋರಿಸಿದನು. ಉಷ್ಣತೆಯೂ ಒತ್ತಡವೂ ಒಂದೇ ಆಗಿದ್ದರೆ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮವೆಂದು ಇಟಲಿಯ ಅವೊಗಾಡ್ರೋ 1811ರಲ್ಲಿ ಊಹಿಸಿದನು. ಇದರಂತೆ ಆಮ್ಲಜನಕದ ಅಣುವು ಎರಡಾಗಿ ಒಡೆಯಬೇಕು. ನೀರಿನಲ್ಲಿ ಜಲಜನಕದ ಪರಮಾಣುಗಳು ಎರಡು, ಆಮ್ಲಜನಕದ್ದು ಒಂದು. ಅದರ ಭಾರವು 16. ಒಂದೇ ಜಾತಿಯ ಪರಮಾಣುಗಳು ತಮ್ಮೊಳಗೆ ಕೂಡಲಾರವೆಂಬುದು ಡಾಲ್ಟನ್, ಬರ್ಜೇಲಿಯಸ್ ಮೊದಲಾದವರ ಮತವಾಗಿದ್ದುದರಿಂದ ಈ ಊಹೆಗೆ ಬಹುಕಾಲ ಮನ್ನಣೆಯು ದೊರೆಯಲಿಲ್ಲ.

ಇದರ ಫಲವನ್ನು ಅಸಿಟಿಕ್ ಆಮ್ಲದಲ್ಲಿ ನೋಡಬಹುದು. ಇಂಗಾಲವನ್ನು 6, ಆಮ್ಲಜನಕವನ್ನು 8 ಎಂದು ಹಿಡಿದವರು ಇದರಲ್ಲಿ ಇಂಗಾಲ, ಜಲಜನಕ, ಆಮ್ಲಜನಕಗಳ ಪರಮಾಣುಗಳನ್ನು ನಾಲ್ಕು ನಾಲ್ಕಾಗಿ ಎಣಿಸಿದರು. 12, 16 ಎಂದು ಹಿಡಿದವರು ಕ್ರಮವಾಗಿ ಎರಡು, ನಾಲ್ಕು, ಎರಡು ಎಂದರು. ಎರಡು ಎಣಿಕೆಗಳ ಮೊತ್ತವೂ 60. ಶೇಕಡಾವಾರು ತೂಕಗಳೂ ಒಂದೇ. ತಪ್ಪಾವುದೆಂದು ತಕ್ಕಡಿಯು ಹೇಳಲಾರದು. ಈ ಒಂದು ಆಮ್ಲಕ್ಕೆ ಬಳಕೆಯಲ್ಲಿದ್ದ 19 ಸೂತ್ರಗಳನ್ನು ಕೆಕುಲೆಯು 1861ರ ತನ್ನ ಪಠ್ಯಗ್ರಂಥದಲ್ಲಿ ಪಟ್ಟಿಮಾಡಿದನು. ಶಿಷ್ಯನ ಉತ್ತರದ ಸರಿತಪ್ಪುಗಳು ಗುರುವಿನ ಪಕ್ಷವನ್ನು ಅನುಸರಿಸಿದ್ದುವು.

ಈ ತೊಡಕನ್ನು ಬಿಡಿಸಿದುದು ಒಂದು ಪಾಠಕ್ರಮ. ಜಿನೋವಾದಲ್ಲಿ ಅಧ್ಯಾಪಕನಾಗಿದ್ದ ಕನ್ನಿಜ್ಜಾರೋ ತಾನು ತರಗತಿಯಲ್ಲಿ ಬೋಧಿಸುತ್ತಿದ್ದ ಕ್ರಮವನ್ನು 1858ರಲ್ಲಿ ಪತ್ರರೂಪವಾಗಿ ಪ್ರಕಟಿಸಿದನು. ಅವೊಗಾಡ್ರೋವಿನ ಊಹೆಯೇ ಅದರ ಆಧಾರ. ಜಲಜನಕದ ಅಣುವನ್ನು 2 ಎಂದಿಟ್ಟುಕೊಂಡು, ಆವಿಯ ಸಾಂದ್ರತೆಯಿಂದ ಇತರ ಅಣುಗಳ ಭಾರವನ್ನು ಕಂಡು, ಅದರಲ್ಲಿ ಒಂದು ಧಾತುವಿನ ಪಾಲೆಷ್ಟೆಂದು ನೋಡಬೇಕು. ನೀರಿನ 18ರಲ್ಲಿ ಆಮ್ಲಜನಕವು 16. ಇಂಗಾಲದ ಮಾನಾಕ್ಸೈಡಿನ 28ರಲ್ಲಿ 16. ಡೈಆಕ್ಸೈಡಿನ 44ರಲ್ಲಿ 32. ಎಲ್ಲಿಯೂ 16ಕ್ಕಿಂತ ಕಡಿಮೆಯಿಲ್ಲ; ಇರುವುದೆಲ್ಲವೂ ಅದರ ಮಡಿಗಳೇ. ಆದುದರಿಂದ ಅದೇ ಪರಮಾಣುಭಾರವು.

1860ರ ಸೆಪ್ಟೆಂಬರಿನಲ್ಲಿ ಕಾರ್ಲ್ಸ್‌ರೂಹೆಯಲ್ಲಿ ನೆರೆದ ವಿದ್ವಾಂಸರು ಚರ್ಚೆಯಿಂದ ಒಮ್ಮತಕ್ಕೆ ಬರಲಿಲ್ಲ. ಸಭೆಯ ಕೊನೆಯಲ್ಲಿ ಪವೇಸಿಯು ಈ ಪಾಠಕ್ರಮದ ಪ್ರತಿಗಳನ್ನು ಹಂಚಿದನು. ಲೋಥಾರ್ ಮೈಯರನು ಅದನ್ನೋದಿ ಸಂಶಯವನ್ನು ನೀಗಿಕೊಂಡನು. ಸಭೆಯಲ್ಲಿದ್ದ ಮೆಂಡೆಲೀಫನ 1869ರ ಧಾತುಪಟ್ಟಿಯು ಈ ಭಾರಗಳ ಮೇಲೆಯೇ ನಿಂತಿತು. ಅವೊಗಾಡ್ರೋ 1856ರಲ್ಲಿಯೇ ತೀರಿಕೊಂಡಿದ್ದನು. ತನ್ನ ಊಹೆಯು ಗೆದ್ದುದನ್ನು ಅವನು ಕಾಣಲಿಲ್ಲ. ವಿದ್ಯಾರ್ಥಿಯು ಇಂದು ಎರಡು ನಿಮಿಷದಲ್ಲಿ ಬರೆಯುವ ಉತ್ತರವು, ಶಿಷ್ಯರಿಗೆ ಅರ್ಥವಾಗುವಂತೆ ಹೇಳಬೇಕೆಂದು ಶ್ರಮಿಸಿದ ಉಪಾಧ್ಯಾಯನೊಬ್ಬನಿಂದ ಸ್ಥಿರವಾದುದು.