ಹನ್ನೆರಡು ತಿರುಪುಗಳ ಭಾರ

ಕಿಟಕಿ ಗಾಜು ಒರೆಸುವ ಕಸುಬಿನ ಚರಿತ್ರೆ ಹೇಳುವವರು ಕಟ್ಟಡಗಳ ಎತ್ತರದಿಂದ ಶುರುಮಾಡುತ್ತಾರೆ. 1931ರಲ್ಲಿ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ ತೆರೆಯಿತು. ಅಂಥ ಎತ್ತರದಲ್ಲಿ ಸೊಂಟದ ಪಟ್ಟಿಯನ್ನು ಚೌಕಟ್ಟಿನ ಎರಡು ಬದಿಗೆ ಸಿಕ್ಕಿಸಿ, ಬೆನ್ನ ಹಿಂದೆ ಬಯಲಿಟ್ಟುಕೊಂಡು ಗಾಜು ಒರೆಸುವವರ ಚಿತ್ರಗಳನ್ನು ಕಂಡಾಗ ನಮ್ಮ ಕಣ್ಣು ಕೆಳಗಿನ ಆಳಕ್ಕೆ ಜಾರುತ್ತದೆ, ಅವರ ಕೈಯಲ್ಲೇನಿದೆ ಎಂದು ನೋಡುವುದೇ ಇಲ್ಲ. ಈ ಕಸುಬು ನಿಜವಾಗಿ ಬದಲಾದದ್ದು ಆ ಕೈಯಲ್ಲಿ. ಅದನ್ನು ಬದಲಿಸಿದವರೂ ದಿನವಿಡೀ ಅದೇ ಸಲಕರಣೆ ಹಿಡಿದು ದುಡಿದವರು.

ಆಗ ಅಮೆರಿಕದಲ್ಲಿ ಬಳಕೆಯಲ್ಲಿದ್ದದ್ದು ಶಿಕಾಗೋ ಸ್ಕ್ವೀಜಿ. ಸ್ಕ್ವೀಜಿ ಎಂದರೆ ನಮ್ಮ ಮನೆಗಳ ನೆಲದ ವೈಪರಿನ ಜಾತಿಯದೇ, ಗಾಜಿಗೆಂದು ಮಾಡಿದ ಕೈಸಲಕರಣೆ. ಉಕ್ಕಿನ ದಪ್ಪ ಮೈ, ಅದರಲ್ಲಿ ಗುಲಾಬಿ ಬಣ್ಣದ ಎರಡು ರಬ್ಬರ್ ಪಟ್ಟಿ. ರಬ್ಬರ್ ಸವೆದರೆ ಹನ್ನೆರಡು ತಿರುಪು ಬಿಚ್ಚಬೇಕು, ಹೊಸದು ಹಾಕಿ ಹನ್ನೆರಡನ್ನೂ ಮತ್ತೆ ಬಿಗಿಯಬೇಕು. ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನಲ್ಲಿ ಗಾಜು ಒರೆಸುತ್ತಿದ್ದ ಇಟಲಿಯ ವಲಸಿಗ ಎಟ್ಟೋರೆ ಸ್ಟೆಕೋನೆ ಹಗುರವಾದ ಹಿತ್ತಾಳೆಯ ತೋಡು, ಅಂದರೆ ಚಾನೆಲ್ ಮಾಡಿ, ಅದರಲ್ಲಿ ಬಳುಕುವ ಒಂದೇ ಒಂದು ಪಟ್ಟಿ ಕೂರಿಸಿದರು. 1936ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಇಂದಿಗೂ ಕಸುಬುದಾರರ ಸ್ಕ್ವೀಜಿಯ ಅಡಿಗಟ್ಟು ಅದೇ. ಹೊಸದಾಗಿ ಸೇರಿಸಿದ್ದಕ್ಕಿಂತ ಅವರು ಕಳೆದು ಹಾಕಿದ್ದೇ ಹೆಚ್ಚು: ಒಂದು ಪಟ್ಟಿ ಹೋಯಿತು, ತೂಕ ಹೋಯಿತು, ತಿರುಪುಗಳ ಕಾಟ ಹೋಯಿತು. ಏನನ್ನು ಕಳೆಯಬಹುದೆಂಬುದು ಸಂಜೆಗೆ ಮಣಿಕಟ್ಟು ನೋಯುವವರಿಗೆ ಬೇಗ ತಿಳಿಯುತ್ತದೆ.

ಇದಕ್ಕೆಲ್ಲ ಸಾಮಗ್ರಿಯ ಪ್ರಗತಿಯೇ ಕಾರಣ, ಒಳ್ಳೆಯ ರಬ್ಬರ್ ಬಂತು, ಸಲಕರಣೆ ತಾನಾಗಿ ಸುಧಾರಿಸಿತು ಎಂದು ಯಾರಾದರೂ ಹೇಳಬಹುದು. ತಾರೀಖುಗಳು ಇದನ್ನು ಒಪ್ಪುವುದಿಲ್ಲ. ರಬ್ಬರನ್ನು ಗಂಧಕದೊಂದಿಗೆ ಕಾಯಿಸಿ ಗಟ್ಟಿಗೊಳಿಸುವ ವಿಧಾನಕ್ಕೆ ಚಾರ್ಲ್ಸ್ ಗುಡ್‌ಇಯರ್ ಪೇಟೆಂಟ್ ಪಡೆದದ್ದು 1844ರಲ್ಲಿ. ಹಿತ್ತಾಳೆಯಂತೂ ಅದಕ್ಕಿಂತ ಎಷ್ಟೋ ಹಳೆಯದು. ಎರಡೂ ಕೈಗೆಟುಕುವಂತಿದ್ದು ತೊಂಬತ್ತು ವರ್ಷ ಕಳೆದವು. ಒಬ್ಬನನ್ನೇ ನಾಯಕನನ್ನಾಗಿ ಮಾಡುತ್ತಿದ್ದೀರಿ ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೆ ಸ್ಟೆಕೋನೆ ಮಾಡಿದ್ದನ್ನು ಸಣ್ಣ ಪ್ರಮಾಣದಲ್ಲಿ ಈ ಕಸುಬಿನವರೆಲ್ಲ ಮಾಡುತ್ತಲೇ ಇರುತ್ತಾರೆ. ಗಾಜಿನ ನೀರನ್ನು ತಳ್ಳುವುದು ರಬ್ಬರಿನ ಚೂಪಾದ ಮೂಲೆ. ಅದು ದುಂಡಗಾದೊಡನೆ ನೀರು ಅಡಿಯಿಂದ ನುಸುಳಿ ಗೆರೆ ಬಿಡುತ್ತದೆ. ಆದ್ದರಿಂದ ಅವರು ಪಟ್ಟಿಯನ್ನು ಮಗುಚಿ ಹೊಸ ಅಂಚು ಹೊರಗೆ ತರುತ್ತಾರೆ, ಅದೂ ಸವೆದರೆ ಎಸೆಯುತ್ತಾರೆ. ಚೌಕಟ್ಟಿನ ಸಂದಿಯಲ್ಲಿ ನೀರಿನ ಗೆರೆ ಉಳಿಯದಿರಲೆಂದು ರಬ್ಬರನ್ನು ಚಾನೆಲ್ಲಿಗಿಂತ ತುಸು ಉದ್ದವಾಗಿ ಕತ್ತರಿಸುತ್ತಾರೆ. ಚಾನೆಲ್ಲಿನ ತುದಿಯನ್ನು ಅರದಿಂದ ಉಜ್ಜುತ್ತಾರೆ, ಕಿಟಕಿಯ ಅಳತೆಗೆ ತಕ್ಕಂತೆ ಉದ್ದದ್ದನ್ನು ಕತ್ತರಿಸಿ ಗಿಡ್ಡ ಮಾಡಿಕೊಳ್ಳುತ್ತಾರೆ. ಸೆಕೆಗಾಲಕ್ಕೆ ಗಡಸು ರಬ್ಬರ್, ಚಳಿಗೆ ಮೆದು ರಬ್ಬರ್ ಆರಿಸುತ್ತಾರೆ, ಏಕೆಂದರೆ ಬಿಸಿಲಿಗೆ ಮೆತ್ತಗಾಗುವ ರಬ್ಬರ್ ಚಳಿಗೆ ಬಿರುಸಾಗುತ್ತದೆ. ಇವನ್ನೆಲ್ಲ ಪಕ್ಕದಲ್ಲಿ ನಿಂತು ನೋಡಿಯೇ ಕಲಿಯಬೇಕು. ಪೇಟೆಂಟ್ ಕಚೇರಿಗೆ ಇಂಥ ತಿದ್ದುಪಡಿಗಳು ತಲುಪುವುದಿಲ್ಲವಾದ್ದರಿಂದ ಚರಿತ್ರೆಯೂ ಇವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಇದು ದೊಡ್ಡ ಅನ್ಯಾಯ.

ಈ ಕಸುಬಿಗೆ ಹೊರಗಿನಿಂದಲೂ ಬದಲಾವಣೆ ಬಂತು. ಬ್ರಿಟನ್ನಿನಲ್ಲಿ 2005ರಲ್ಲಿ ಎತ್ತರದ ಕೆಲಸದ ನಿಯಮಗಳು ಜಾರಿಯಾದವು. ಎತ್ತರದಲ್ಲಿ ಕೆಲಸ ಮಾಡುವುದನ್ನು ಆದಷ್ಟು ತಪ್ಪಿಸಿ ಎಂಬುದು ಅವುಗಳ ತಿರುಳು. ಆಮೇಲೆ ನೆಲದಲ್ಲೇ ನಿಂತು, ಉದ್ದನೆಯ ಕೋಲಿನ ತುದಿಯ ಬ್ರಷ್ಷಿಗೆ ನೀರು ಹರಿಸಿ ತೊಳೆಯುವ ರೂಢಿ ಇನ್ನಷ್ಟು ಹಬ್ಬಿತು. ಲವಣ ತೆಗೆದ ಶುದ್ಧ ನೀರಾದ್ದರಿಂದ ಆರಿದ ಮೇಲೆ ಕಲೆ ಉಳಿಯದು, ಒರೆಸುವುದೂ ಬೇಕಿಲ್ಲ. ಹಾಗಾದರೆ ಕೈಸಲಕರಣೆಯ ಕಾಲ ಮುಗಿಯಿತೇ? ಬೀಳುವ ಅಪಾಯ ತಗ್ಗಿದ್ದು ದೊಡ್ಡ ಲಾಭ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳಗಿನ ಗಾಜಿಗೆ ಹಾಗೆ ನೀರು ಸುರಿಯಲಾಗದು. ಜನ ಓಡಾಡುವ ಅಂಗಡಿಯ ಮುಂಭಾಗಕ್ಕೂ ಬಕೆಟ್ಟು, ಸ್ಕ್ವೀಜಿ ಹಿಡಿದವರೇ ಬರುತ್ತಾರೆ. ಕೋಲು ಹಿಡಿದವರೂ ಸುಮ್ಮನಿಲ್ಲ. ಬ್ರಷ್ಷಿನ ಕೂದಲು ಗಡಸಿರಬೇಕೋ ಮೆದುವಾಗಿರಬೇಕೋ, ನೀರು ಚಿಮ್ಮುವ ತೂತು ಎಲ್ಲಿರಬೇಕು ಎಂದು ತಮ್ಮ ತಮ್ಮ ಕೈಗೆ ತಕ್ಕಂತೆ ಬದಲಿಸಿಕೊಳ್ಳುತ್ತಿದ್ದಾರೆ.