ಹಾಲ್ಡನ್ ಬೆಟ್ಟದ ಗೋಪುರ ಮತ್ತು ಮೈಸೂರಿನ ತಿರುಚಿರಾಪಳ್ಳಿ ದಂಡಯಾತ್ರೆ

ಇಂಗ್ಲೆಂಡಿನ ನೈಋತ್ಯದಲ್ಲಿರುವ ಡೆವನ್ ಪ್ರಾಂತ್ಯದಲ್ಲಿ, ಎಕ್ಸ್ ಮತ್ತು ಟೀನ್ ನದಿಗಳ ಅಳಿವೆಗಳ ನಡುವೆ ಹಾಲ್ಡನ್ ಬೆಟ್ಟಸಾಲು ಹಬ್ಬಿದೆ. ಅದರ ಎತ್ತರ ಸುಮಾರು 250 ಮೀಟರ್ ಮಾತ್ರ. ಮಲೆನಾಡಿನವರ ಕಣ್ಣಿಗೆ ಇದು ಗುಡ್ಡವೇ ಸರಿ. ಆದರೆ ಕಡಲು ಹತ್ತಿರವಿರುವುದರಿಂದ ಇದರ ನೆತ್ತಿಯಿಂದ ಕಾಣುವ ಹರವು ದೊಡ್ಡದು. ಪೂರ್ವಕ್ಕೆ ಎಕ್ಸ್ ಅಳಿವೆ, ಅದರಾಚೆ ಇಂಗ್ಲಿಷ್ ಕಡಲ್ಗಾಲುವೆ.

ಬೆಟ್ಟದ ಮೇಲ್ಭಾಗ ಹಸಿರು ಛಾಯೆಯ ಮರಳುಗಲ್ಲು. ಅದರ ಮೇಲೆ ಚಕಮಕಿ ಕಲ್ಲಿನ ಜಲ್ಲಿ. ಒಂದು ಕಾಲಕ್ಕೆ ಇಲ್ಲಿ ಸೀಮೆಸುಣ್ಣದ ಪದರವೇ ಇತ್ತು. ಯುಗಾಂತರಗಳಲ್ಲಿ ಸುಣ್ಣವೆಲ್ಲ ಕರಗಿಹೋಗಿ, ಕರಗದ ಚಕಮಕಿ ಮಾತ್ರ ಉಳಿಯಿತು. ಇಂಥ ಬಡ ನೆಲ ಬೇಸಾಯಕ್ಕೆ ಒಗ್ಗುವುದಿಲ್ಲ. ಹೀಗೆ ಬಯಲಾಗಿ ಉಳಿದ ನೆತ್ತಿ ಗುರುತುಗಂಬಗಳಿಗೆ ಹೇಳಿ ಮಾಡಿಸಿದ ಜಾಗವಾಯಿತು. 1740ರ ದಶಕದಲ್ಲಿ ಮ್ಯಾಮ್‌ಹೆಡ್‌ನ ಜಮೀನುದಾರ ಥಾಮಸ್ ಬಾಲ್ ಹಡಗಿನವರಿಗೆ ದಾರಿ ತೋರಲೆಂದು ಎತ್ತರದ ಕಲ್ಲುಗಂಬ ನಿಲ್ಲಿಸಿದ. ನೆಪೋಲಿಯನ್ ಯುದ್ಧದ ಕಾಲದಲ್ಲಿ ಲಂಡನ್ನಿನಿಂದ ಪ್ಲಿಮತ್‌ಗೆ ಸುದ್ದಿ ದಾಟಿಸುತ್ತಿದ್ದ ನೌಕಾಪಡೆಯ ಠಾಣೆಗಳಲ್ಲಿ ಒಂದು ಇಲ್ಲಿತ್ತು. ಚೌಕಟ್ಟಿನೊಳಗಿನ ಆರು ಹಲಗೆಗಳನ್ನು ತೆರೆದು ಮುಚ್ಚಿ ಸಂಕೇತ ಕಳಿಸುತ್ತಿದ್ದರು. ಆ ಭಾಗಕ್ಕೆ ಇಂದಿಗೂ ಟೆಲಿಗ್ರಾಫ್ ಹಿಲ್ ಎಂದೇ ಹೆಸರು.

ಇವೆಲ್ಲಕ್ಕಿಂತ ಪ್ರಸಿದ್ಧವಾದದ್ದು 1788ರ ಬಿಳಿ ಗೋಪುರ, ಲಾರೆನ್ಸ್ ಕ್ಯಾಸಲ್. ತ್ರಿಕೋನಾಕಾರದ ಮೂರು ಅಂತಸ್ತು, ಮೂಲೆಗೊಂದು ಬುರುಜು, ಸುಮಾರು 26 ಮೀಟರ್ ಎತ್ತರ. ಒಳಗೆ ನಿಂತಿರುವುದು ಈಸ್ಟ್ ಇಂಡಿಯಾ ಕಂಪನಿಯ ದಂಡನಾಯಕ ಮೇಜರ್ ಜನರಲ್ ಸ್ಟ್ರಿಂಜರ್ ಲಾರೆನ್ಸನ ಆಳೆತ್ತರದ ಪ್ರತಿಮೆ, ಉಡುಪು ರೋಮನ್ ಸೇನಾನಿಯದು. ಇದು ಕಡೆದ ಕಲ್ಲಲ್ಲ. ಎಲಿನರ್ ಕೋಡ್ ಎಂಬಾಕೆಯ ಲಂಡನ್ ಕಾರ್ಖಾನೆಯಲ್ಲಿ ಮಣ್ಣನ್ನು ಅಚ್ಚಿಗೆ ಹಾಕಿ ಸುಟ್ಟು ತಯಾರಿಸುತ್ತಿದ್ದ ಕೃತಕ ಶಿಲೆ. ಇದರ ಅಮೃತಶಿಲೆಯ ಮೂಲವನ್ನು ಈಸ್ಟ್ ಇಂಡಿಯಾ ಕಂಪನಿಗಾಗಿ ಶಿಲ್ಪಿ ಪೀಟರ್ ಶೇಮೇಕರ್ಸ್ ಕೆತ್ತಿದ್ದ.

ಲಾರೆನ್ಸನ ನೆನಪಿಗೆ ಈ ಗೋಪುರ ಕಟ್ಟಿಸಿದವನು ಸರ್ ರಾಬರ್ಟ್ ಪಾಕ್. ಪಾದ್ರಿಯಾಗಿ ಭಾರತಕ್ಕೆ ಬಂದವನು, ಲಾರೆನ್ಸನ ಸೈನ್ಯಕ್ಕೆ ಬಟವಾಡೆ ಅಧಿಕಾರಿಯಾಗಿ, 1763ರಲ್ಲಿ ಮದರಾಸಿನ ಗವರ್ನರನಾದ. ಪಾಕ್ ಜಲಸಂಧಿಗೆ ಹೆಸರು ಬಂದದ್ದು ಇವನಿಂದಲೇ. 1775ರಲ್ಲಿ ತೀರಿಕೊಂಡ ಲಾರೆನ್ಸ್ ತನ್ನ ಆಸ್ತಿಯನ್ನು ಪಾಕ್‌ನ ಮಕ್ಕಳಿಗೆ ಬಿಟ್ಟುಹೋದ. ಲಾರೆನ್ಸನ ಸಮಾಧಿ ಬೆಟ್ಟದಡಿಯ ಡಂಚಿಡಕ್ ಹಳ್ಳಿಯ ಚರ್ಚಿನಲ್ಲಿದೆ.

ಲಾರೆನ್ಸನಿಗೆ ಕೀರ್ತಿ ತಂದ ತಿರುಚಿರಾಪಳ್ಳಿಯ ಕದನಗಳಲ್ಲಿ ಅವನೆದುರು ಫ್ರೆಂಚರಷ್ಟೇ ಅಲ್ಲ, ಮೈಸೂರಿನ ದಂಡೂ ಇತ್ತು. ಕೋಟೆಯನ್ನು ಬಿಟ್ಟುಕೊಡುತ್ತೇನೆಂಬ ಆರ್ಕಾಟಿನ ನವಾಬ ಮಹಮ್ಮದ್ ಅಲಿಯ ಮಾತು ನಂಬಿ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯ 1752ರಲ್ಲಿ ಅವನ ನೆರವಿಗೆ ಹೋಗಿದ್ದ. ಮಾತು ತಪ್ಪಿದಾಗ ಫ್ರೆಂಚರ ಕಡೆಗೆ ತಿರುಗಿದ. ಶೈವ ಮಾಹಾತ್ಮ್ಯಗಳನ್ನು ಕನ್ನಡಕ್ಕೆ ತಂದ ಕಳಲೆ ನಂಜರಾಜನೂ ಈತನೇ. 1753ರಲ್ಲಿ ಲಾರೆನ್ಸ್ ಒಂದರ ಹಿಂದೊಂದು ಕದನ ಗೆದ್ದ. ಮೈಸೂರಿನವರು ಕೋಟೆ ದಕ್ಕದೆ 1755ರಲ್ಲಿ ಹಿಂದಿರುಗಿದರು. ಬೊಕ್ಕಸ ಬರಿದಾಗಿತ್ತು, ಸಿಪಾಯಿಗಳ ಸಂಬಳ ಬಾಕಿ ಬಿದ್ದಿತ್ತು. ಆ ಬಿಕ್ಕಟ್ಟನ್ನು ಬಗೆಹರಿಸುತ್ತಲೇ ಹೈದರ್ ಅಲಿ ಮೇಲೆ ಬಂದ. ಆದ್ದರಿಂದ ಈ ಸ್ಮಾರಕವನ್ನು ಕಂಪನಿಯ ವಿಜಯಗಾಥೆಯೆಂದು ಮಾತ್ರ ಓದುವುದು ಸಾಲದು. ಮೈಸೂರಿನ ಅಧಿಕಾರ ಕೈಬದಲಾದ ಕಥೆಯೂ ಅದೇ ಕದನಗಳಲ್ಲಿ ಬೇರೂರಿದೆ ಎಂಬುದು ನನ್ನ ವಾದ.

ಗೋಪುರದ ಅಮೃತಶಿಲೆಯ ನೆಲಹಾಸು ಹೈದರಾಬಾದಿನ ನಿಜಾಮನ ಕಾಣಿಕೆ ಎಂಬ ಮಾತು ಡೆವನ್‌ನಲ್ಲಿ ಬಳಕೆಯಲ್ಲಿದೆ. ಅದು ನಿಜವಾದರೆ ನೆನಪಾಗಬೇಕಾದದ್ದು ಲಾರೆನ್ಸನ ಶೌರ್ಯಕ್ಕಿಂತ ಪಾಕ್‌ನ ರಾಜಕೀಯ. 1766ರ ನವೆಂಬರಿನಲ್ಲಿ ಅವನ ಆಡಳಿತ ನಿಜಾಮನೊಂದಿಗೆ ಮಾಡಿಕೊಂಡ ಒಪ್ಪಂದ ಪೂರ್ವ ಕರಾವಳಿಯ ಉತ್ತರ ಸರ್ಕಾರಗಳೆಂಬ ಸೀಮೆಗಳನ್ನು ಕಂಪನಿಗೆ ಕೊಡಿಸಿತು. ಪ್ರತಿಯಾಗಿ ಸೈನ್ಯದ ನೆರವಿನ ಹೊಣೆಯನ್ನೂ ಹೊರಿಸಿತು. ಮೊದಲ ಮೈಸೂರು ಯುದ್ಧಕ್ಕೆ ದಾರಿಯಾದದ್ದು ಇದೇ. ಯುದ್ಧ ಶುರುವಾಗುವ ಮೊದಲೇ, 1767ರ ಜನವರಿಯಲ್ಲಿ, ಪಾಕ್ ಅಧಿಕಾರ ಬಿಟ್ಟ. 1769ರಲ್ಲಿ ಹೈದರ್ ಮದರಾಸಿನ ಬಾಗಿಲಿಗೇ ಬಂದು ತನ್ನ ಷರತ್ತಿನ ಮೇಲೆ ಸಂಧಿ ಮಾಡಿಸಿಕೊಂಡ.

ಅನಂತರವೂ ಮದರಾಸಿನ ಗೆಳೆಯರು ಪಾಕ್‌ಗೆ ಪತ್ರ ಬರೆಯುತ್ತಲೇ ಇದ್ದರು. ಸಾಲ, ವ್ಯಾಪಾರ, ಹೈದರನ ನಡೆ ಎಲ್ಲವೂ ಅವುಗಳಲ್ಲಿ ಬರುತ್ತವೆ. ಈ ಕಾಗದಪತ್ರಗಳ ಸಂಗ್ರಹವನ್ನು ಎಚ್. ಡಿ. ಲವ್ ಸಂಪಾದಿಸಿದರು, 1922ರಲ್ಲಿ ಅದು ಅಚ್ಚಾಯಿತು. ಅದೇ ದಶಕದಲ್ಲಿ ಪಾಕ್‌ನ ನಿವಾಸವಾಗಿದ್ದ ಹಾಲ್ಡನ್ ಹೌಸ್‌ನ ಬಹುಭಾಗವನ್ನು ಕೆಡವಲಾಯಿತು.