ನೋಟೀಸು ಎಂಬ ಕಾಗದದ ಚರಿತ್ರೆ

ಪಾಲಿಕೆಯ ನೋಟೀಸನ್ನು ಪೂರ್ತಿ ಓದುವವರು ಕಡಿಮೆ. ಗೇಟಿಗೆ ಅಂಟಿಸಿದ ಕಾಗದದಲ್ಲಿ 'ಅನಧಿಕೃತ', 'ತೆರವು' ಎಂಬ ಎರಡು ಪದಗಳು ಕಣ್ಣಿಗೆ ಬಿದ್ದರೆ ಸಾಕು, ಆ ಮನೆಯಲ್ಲಿ ಅಂದು ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಮೊದಲು ಊರಿನ ಮುಖಂಡರ ಮನೆಗೆ ಓಟ, ಆಮೇಲೆ ನಕ್ಷೆ ಮಾಡಿಕೊಟ್ಟ ಇಂಜಿನಿಯರರ ಹುಡುಕಾಟ, ಎಲ್ಲ ಮುಗಿದ ಮೇಲೆ ವಕೀಲರ ಕಚೇರಿ. ಅಷ್ಟರಲ್ಲಿ ಉತ್ತರ ಕೊಡಬೇಕಾದ ದಿನ ದಾಟಿರುತ್ತದೆ. ಬೆದರಿಕೆಯಂತೆ ಕಾಣುವ ಈ ಕಾಗದ ಹುಟ್ಟಿದ್ದು ಮನೆಯವನ ರಕ್ಷಣೆಗಾಗಿ ಎಂದರೆ ಯಾರೂ ನಂಬಲಾರರು. ಆದರೆ ಚರಿತ್ರೆ ಹೇಳುವುದು ಅದನ್ನೇ.

ಕೆನರಾ ಜಿಲ್ಲೆ ಇಬ್ಭಾಗವಾಗಿ 1862ರಲ್ಲಿ ಉತ್ತರದ ಭಾಗ ಮುಂಬೈ ಪ್ರಾಂತಕ್ಕೆ ಹೋದಾಗ ನಾವು ದಕ್ಷಿಣದವರು ಮದ್ರಾಸಿನಲ್ಲೇ ಉಳಿದೆವು. ಹಾಗಾಗಿ ನಮ್ಮ ಊರಿನ ಗೋಡೆ, ಮಾಡು, ಚರಂಡಿಗಳ ಮೇಲೆ ಮೊದಲು ಬಂದ ಕಾನೂನುಗಳೆಲ್ಲ ಮದ್ರಾಸಿನವು. 1865ರ ಮದ್ರಾಸ್ ಪಟ್ಟಣ ಸುಧಾರಣಾ ಕಾಯಿದೆಯ ಅಡಿಯಲ್ಲಿ 1866ರ ಮೇ 23ರಂದು ಮಂಗಳೂರಿನ ಪುರಸಭೆ ಹುಟ್ಟಿತು. ಅದರಲ್ಲಿ ಕುಳಿತವರು ಜನ ಆರಿಸಿದ ಸದಸ್ಯರಲ್ಲ, ಸರಕಾರ ನೇಮಿಸಿದ ಕಮಿಶನರುಗಳು. ಜ್ವರ, ಕಾಲರಾ, ಬೆಂಕಿ ಇವೇ ಅವರ ಮುಖ್ಯ ಚಿಂತೆ. ಬೆಂಕಿ ಎಂದರೆ ಮುಳಿಹುಲ್ಲು ಮತ್ತು ಮಡಲಿನ ಮಾಡುಗಳ ಬೆಂಕಿ. ಅದೇ 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು. ಸುಲಭವಾಗಿ ಬೆಂಕಿ ಹತ್ತುವ ವಸ್ತುಗಳಿಂದ ಮಾಡು ಹೊದಿಸಬಾರದು ಎಂಬ ನಿಯಮ ಮುಂದೆ ಮದ್ರಾಸಿನ ಪುರಸಭಾ ಕಾನೂನಿನಲ್ಲಿ ಬಂತು. ಹಂಚು ಕೊಳ್ಳಲು ಶಕ್ತಿ ಇದ್ದವನ ಮನೆ ಕಾನೂನುಬದ್ಧವಾಯಿತು, ಮಡಲು ಹೊದಿಸುವವನ ಮನೆ ಅಪಾಯಕಾರಿ ಎನಿಸಿತು. ಕಟ್ಟಡ ಕಾನೂನು ಬಡವನ ಮನೆಗೆ ಮೊದಲ ಬಾರಿ ಪ್ರವೇಶಿಸಿದ್ದು ಹೀಗೆ, ಮಾಡಿನ ಮೂಲಕ.

ಮಂಗಳೂರಿಗೆ ಪುರಸಭೆ ಬರುವ ಮೂರು ವರ್ಷ ಮೊದಲು, 1863ರಲ್ಲಿ, ಲಂಡನ್ನಿನಲ್ಲಿ ಒಂದು ಮೊಕದ್ದಮೆ ತೀರ್ಮಾನವಾಯಿತು. ಕೂಪರ್ ಎಂಬ ಬಿಲ್ಡರ್ ವಾಂಡ್ಸ್‌ವರ್ತ್ ಎಂಬಲ್ಲಿ ಮನೆ ಕಟ್ಟುತ್ತಿದ್ದ. ಕೆಲಸ ಆರಂಭಿಸುವ ಏಳು ದಿನ ಮೊದಲು ಸ್ಥಳೀಯ ಮಂಡಳಿಗೆ ತಿಳಿಸಬೇಕು, ತಿಳಿಸದಿದ್ದರೆ ಮಂಡಳಿ ಮನೆಯನ್ನು ಕೆಡವಬಹುದು ಎಂದು ಕಾನೂನು ಸ್ಪಷ್ಟವಾಗಿ ಹೇಳಿತ್ತು. ತಿಳಿವಳಿಕೆ ತಲುಪಿಲ್ಲ ಎಂದ ಮಂಡಳಿಯವರು, ಗೋಡೆ ಎರಡನೆಯ ಅಂತಸ್ತಿಗೆ ಏರಿದ್ದಾಗ ಸಂಜೆ ಹೊತ್ತು ಆಳುಗಳನ್ನು ಕಳುಹಿಸಿ ಎಲ್ಲವನ್ನೂ ನೆಲಸಮ ಮಾಡಿದರು. ಕೂಪರ್ ನ್ಯಾಯಾಲಯಕ್ಕೆ ಹೋದ, ಗೆದ್ದ. ಕೆಡಹುವ ಮೊದಲು ಅವನ ಮಾತು ಕೇಳಬೇಕು ಎಂದು ಕಾಯಿದೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಶಾಸನ ಬಿಟ್ಟದ್ದನ್ನು ನ್ಯಾಯವೇ ತುಂಬಿಕೊಡುತ್ತದೆ ಎಂಬರ್ಥದ ಮಾತನ್ನು ನ್ಯಾಯಮೂರ್ತಿ ಬೈಲ್ಸ್ ಹೇಳಿದರು. ಅವರು ಅಲ್ಲಿ ನೆನಪಿಸಿದ್ದು ಅದಕ್ಕೂ ಹಳೆಯ ತೀರ್ಪೊಂದರಲ್ಲಿದ್ದ ಆದಮರ ಪ್ರಸಂಗವನ್ನು. ನಿಷೇಧಿಸಿದ ಮರದ ಫಲ ತಿಂದದ್ದು ದೇವರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಆದಮರನ್ನು ಕರೆದು ಪ್ರಶ್ನೆ ಕೇಳಿದ ನಂತರವೇ ತೀರ್ಪು ಕೊಟ್ಟ. ನಮ್ಮ ಓದುಗರಿಗೆ ಈ ಕಥೆ ಹೊಸತಲ್ಲ. ಇದರಿಂದ ಕಟ್ಟಡ ಕಾನೂನಿನ ತತ್ವವೊಂದು ಹೊರಟಿತು ಎಂಬುದು ಹಲವರಿಗೆ ಹೊಸತಿರಬಹುದು. ಭಾರತದ ನ್ಯಾಯಾಲಯಗಳು ಇಂದಿಗೂ ಕೂಪರನ ಮೊಕದ್ದಮೆಯನ್ನು ಉದಾಹರಿಸುತ್ತವೆ.

ಇಂಥ ಚಿಂತನೆ ಲಂಡನ್ನಿನಲ್ಲೇ ಮೊದಲು ಹುಟ್ಟಿತು ಎಂದೇನೂ ಅಲ್ಲ. ಹದಿನಾಲ್ಕನೆಯ ಶತಮಾನದ ಟ್ಯುನಿಸ್ ನಗರದಲ್ಲಿ ಇಬ್ನುರ್ರಾಮಿ ಎಂಬ ಮೇಸ್ತ್ರಿಯಿದ್ದರು. ಕಟ್ಟಡದ ತಕರಾರು ಬಂದಾಗ ಖಾಝಿಯವರು ಅವರನ್ನು ಸ್ಥಳ ಪರಿಶೀಲನೆಗೆ ಕಳುಹಿಸುತ್ತಿದ್ದರು. ನೆರೆಯವನ ಅಂಗಳ ಕಾಣುವಂತೆ ಕಿಟಕಿ ತೆರೆಯಬಹುದೇ, ಮಾಡಿನ ನೀರು ಯಾರ ಕಡೆ ಬೀಳಬೇಕು, ಓಣಿಗೆ ಚಾಚಿದ ಗೋಡೆಯನ್ನು ಏನು ಮಾಡಬೇಕು ಎಂಬುದನ್ನೆಲ್ಲ ಅವರು ಗ್ರಂಥವಾಗಿಯೇ ಬರೆದಿಟ್ಟರು. ಅದರ ಬುನಾದಿ ಒಂದೇ ವಚನದ ಮೇಲೆ ನಿಂತಿತ್ತು: ಯಾರಿಗೂ ಹಾನಿ ಮಾಡಬೇಡಿ, ಹಾನಿಗೆ ಹಾನಿಯನ್ನು ಉತ್ತರವಾಗಿಸಬೇಡಿ. ಇಂದಿನ ನಮ್ಮ ಬಡಾವಣೆಗಳ ಜಗಳಗಳನ್ನು ಅವರ ಮುಂದಿಟ್ಟಿದ್ದರೆ ಅವರಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ.

ಮದ್ರಾಸು 1920ರಲ್ಲಿ ಪುರಸಭೆಗಳಿಗೂ ನಗರ ಯೋಜನೆಗೂ ಎರಡು ಬೇರೆ ಬೇರೆ ಕಾಯಿದೆಗಳನ್ನು ಮಾಡಿತು. ಆರೋಗ್ಯ ಮತ್ತು ಬೆಂಕಿಯ ಜತೆಗೆ ಮೂರನೆಯ ಚಿಂತೆಯೊಂದು ಕಾನೂನಿಗೆ ಸೇರಿದ್ದು ಆಗ: ಯಾವ ಜಾಗದಲ್ಲಿ ಏನಿರಬೇಕು? ಇಲ್ಲಿ ವಾಸ, ಅಲ್ಲಿ ಅಂಗಡಿ, ಇನ್ನೊಂದೆಡೆ ಕಾರ್ಖಾನೆ ಎಂದು ಕಾಗದದ ಮೇಲೆ ಬಣ್ಣ ಹಚ್ಚುವ ಪದ್ಧತಿ ಬಂತು. ರಾಜ್ಯಗಳು 1956ರಲ್ಲಿ ಪುನರ್ವಿಂಗಡಣೆಯಾದಾಗ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಅಲ್ಲಿ 1961ರಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಬಂತು. ಹೆಸರು ಮುಂದೆ 'ಕರ್ನಾಟಕ' ಎಂದಾಯಿತು, ಕಾಯಿದೆ ಅದೇ.

ಈಗ ಉಡುಪಿಯ ವಿಷಯಕ್ಕೆ ಬರೋಣ. ದೇಶದ ಯಾವ ಮೂಲೆಯಲ್ಲಿ ಅಕ್ರಮ ಕಟ್ಟಡದ ಮೊಕದ್ದಮೆ ನಡೆದರೂ ವಕೀಲರು ಎತ್ತಿ ಹೇಳುವ ತೀರ್ಪೊಂದು ನಮ್ಮ ಪಕ್ಕದ ಊರಿನದು. ಆಗ ಉಡುಪಿ ನಮ್ಮದೇ ಜಿಲ್ಲೆಯಲ್ಲಿತ್ತು. ಯೋಜನೆಯ ಪ್ರಕಾರ ವಾಸಕ್ಕೆಂದು ಗೊತ್ತುಪಡಿಸಿದ ಪ್ರದೇಶ. ಅಲ್ಲಿ ಒಬ್ಬರು ಕಲ್ಯಾಣ ಮಂಟಪ ಮತ್ತು ಉಪನ್ಯಾಸ ಮಂದಿರಕ್ಕೆಂದು ಪರವಾನಗಿ ಪಡೆದರು. ಅನಂತರ ಅದನ್ನೇ ಸಿನೆಮಾ ಮಂದಿರ ಮಾಡಲು ಪುರಸಭೆ ಒಪ್ಪಿಗೆಯ ನಿರ್ಣಯ ಮಾಡಿತು. ನೆರೆಯ ಮನೆಯ ತೆರಿಗೆದಾರರೊಬ್ಬರು ಇದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ನಿರ್ಣಯ ಯೋಜನೆಗೆ ವಿರುದ್ಧ ಎಂಬುದನ್ನು ಹೈಕೋರ್ಟೂ ಒಪ್ಪಿತು. ಆದರೆ ಕಟ್ಟುವವರು ಆಗಲೇ ಹಣ ಸುರಿದಿರಬಹುದು, ಈಗ ಕೈ ಹಾಕುವುದು ಬೇಡ ಎಂದು ಬಿಟ್ಟುಬಿಟ್ಟಿತು.

'ಕಟ್ಟಿ ಆಯಿತಲ್ಲ, ಇನ್ನೇನು ಮಾಡುವುದು?' ನಮ್ಮ ಊರುಗಳ ಅತ್ಯಂತ ಬಲವಾದ ಅಲಿಖಿತ ಕಾನೂನು ಇದೇ ಅಲ್ಲವೇ? ಸುಪ್ರೀಂ ಕೋರ್ಟು 1974ರಲ್ಲಿ ಆ ಮಾತನ್ನು ಒಪ್ಪಲಿಲ್ಲ. ಶಾಸನ ಕೊಡದ ಅಧಿಕಾರವನ್ನು ಚಲಾಯಿಸಿದ ಮೇಲೆ, ಯಾರೋ ಸುಮ್ಮನಿದ್ದರು ಅಥವಾ ಯಾರೋ ಖರ್ಚು ಮಾಡಿದರು ಎಂಬ ಕಾರಣಕ್ಕೆ ಅದು ಸಿಂಧುವಾಗುವುದಿಲ್ಲ ಎಂದಿತು. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತಲೂ ದೊಡ್ಡದು ತೀರ್ಪಿನ ಇನ್ನೊಂದು ಮಾತು. ಅಕ್ರಮ ಕಟ್ಟಡ ಎಂಬುದು ಪುರಸಭೆಗೂ ಕಟ್ಟಿದವನಿಗೂ ನಡುವಿನ ಖಾಸಗಿ ವ್ಯವಹಾರವಲ್ಲ, ಸುತ್ತ ವಾಸಿಸುವವರು ತಮ್ಮ ಮನೆಯನ್ನು ನೆಮ್ಮದಿಯಿಂದ ಅನುಭವಿಸುವ ಹಕ್ಕಿಗೆ ಅದರಿಂದ ಪೆಟ್ಟು ಬೀಳುತ್ತದೆ. ಯೋಜನೆಯನ್ನು ಪಾಲಿಸುವುದು ಪುರಸಭೆ ಆ ನಿವಾಸಿಗಳಿಗೆ ತೀರಿಸಬೇಕಾದ ಕರ್ತವ್ಯ. ಅಲ್ಲಿಯವರೆಗೆ ಪುರಸಭೆಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲುತ್ತಿದ್ದ ನೆರೆಮನೆಯವನಿಗೆ ನ್ಯಾಯಾಲಯದಲ್ಲಿ ಒಂದು ಕುರ್ಚಿ ಸಿಕ್ಕಿತು.

ಅದಾದ ಎರಡು ವರ್ಷಕ್ಕೆ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯಿದೆ, 1976 ಬಂತು. ಮಂಗಳೂರು 1980ರ ಜುಲೈ 3ರಂದು ಮಹಾನಗರ ಪಾಲಿಕೆಯಾದ ಮೇಲೆ ನಮ್ಮ ಮನೆಗಳೂ ಅದರ ಅಧೀನವಾದವು. ನಗರಾಭಿವೃದ್ಧಿ ಪ್ರಾಧಿಕಾರ ಬಂದದ್ದು 1988ರಲ್ಲಿ. ಅಂದಿನಿಂದ ಮನೆ ಕಟ್ಟುವವನು ಎರಡು ಹೊಸ್ತಿಲು ದಾಟಬೇಕು. ಭೂಮಿಯ ಬಳಕೆ ಮತ್ತು ವಿನ್ಯಾಸಕ್ಕೆ ಪ್ರಾಧಿಕಾರ, ಕಟ್ಟಡದ ಪರವಾನಗಿಗೆ ಪಾಲಿಕೆ. ಅದಕ್ಕೂ ಮೊದಲು ಭೂಪರಿವರ್ತನೆಗೆ ಕಂದಾಯ ಇಲಾಖೆ. ಏಣಿಯಲ್ಲಿ ಮೆಟ್ಟಿಲು ಹೆಚ್ಚಾದಷ್ಟೂ ಕೆಳಗೇ ನಿಂತು ಕಟ್ಟಲು ಶುರು ಮಾಡುವವರ ಸಂಖ್ಯೆಯೂ ಹೆಚ್ಚುತ್ತದೆ. ಇದು ಕಟ್ಟುವವರ ತಪ್ಪಿಗೆ ಸಮರ್ಥನೆಯಲ್ಲ, ಕಾರಣ ಮಾತ್ರ.

ನೋಟೀಸು ಹುಟ್ಟುವುದು 1976ರ ಕಾಯಿದೆಯ 321ನೇ ಕಲಮಿನಿಂದ. ಪರವಾನಗಿ ಇಲ್ಲದೆ ಅಥವಾ ಪರವಾನಗಿಗೆ ವ್ಯತಿರಿಕ್ತವಾಗಿ ಕಟ್ಟುತ್ತಿದ್ದಾರೆ ಎಂದು ಆಯುಕ್ತರಿಗೆ ಮನವರಿಕೆಯಾದರೆ ಒಂದನೇ ಉಪಕಲಮಿನ ಅಡಿ ತಾತ್ಕಾಲಿಕ ಆದೇಶ ಮಾಡುತ್ತಾರೆ. ಎರಡನೆಯದರ ಅಡಿ, ಈ ಆದೇಶವನ್ನು ಏಕೆ ಖಾಯಂ ಮಾಡಬಾರದು ಎಂದು ಕಾರಣ ಕೇಳುವ ನೋಟೀಸು. ಉತ್ತರ ಸಮಾಧಾನಕರವಾಗಿರದಿದ್ದರೆ ಮೂರನೆಯದರ ಅಡಿ ಖಾಯಂ ಆದೇಶ. ಅದರ ಮೇಲೆ 443-ಎ ಕಲಮಿನಂತೆ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಅಂದರೆ ಕಾಗದದಲ್ಲಿ 321(1) ಎಂದಿದೆಯೋ 321(3) ಎಂದಿದೆಯೋ ಎಂಬುದರ ಮೇಲೆ ಮನೆಯವನ ಸ್ಥಿತಿ ನಿಂತಿದೆ. ಮೊದಲನೆಯದು ಪ್ರಶ್ನೆ, ಕೊನೆಯದು ತೀರ್ಮಾನ. ಪ್ರಶ್ನೆಗೆ ಉತ್ತರಿಸದೆ ಶಿಫಾರಸಿಗೆ ಅಲೆಯುವವನು ತನ್ನ ಕೈಯಾರೆ ಅದನ್ನು ತೀರ್ಮಾನವಾಗಿಸುತ್ತಾನೆ. ನೋಟೀಸು ಓದಿಸಿಕೊಳ್ಳಲು ನಮ್ಮಂಥವರ ಬಳಿ ಬರುವವರಿಗೆ ನಾವು ಮೊದಲು ತೋರಿಸುವುದು ಆವರಣದೊಳಗಿನ ಆ ಅಂಕಿಯನ್ನೇ.

ಅದೇ ಕಾಯಿದೆಯ 321-ಬಿ ಕಲಮನ್ನು ಮಾತ್ರ ಜನ ಅಷ್ಟಾಗಿ ಬಲ್ಲವರಲ್ಲ. ತನ್ನ ವ್ಯಾಪ್ತಿಯಲ್ಲಿ ಅಕ್ರಮ ನಿರ್ಮಾಣವನ್ನು ತಡೆಯದ ಅಧಿಕಾರಿಯನ್ನು ದಂಡನೆಗೆ ಗುರಿಪಡಿಸುವ ಕಲಮು ಅದು. ಐದು ಮಹಡಿ ಒಂದೇ ರಾತ್ರಿಯಲ್ಲಿ ಏಳುವುದಿಲ್ಲ. ಪಂಚಾಂಗ ಹಾಕುವಾಗ, ಪಿಲ್ಲರ್ ಎತ್ತುವಾಗ, ವಾಹನ ನಿಲ್ಲಿಸಲೆಂದು ನಕ್ಷೆಯಲ್ಲಿ ತೋರಿಸಿದ ಜಾಗಕ್ಕೆ ಶಟರ್ ಬೀಳುವಾಗ, ಪ್ರತಿ ಹಂತದಲ್ಲೂ ಅದು ಹಾದಿಹೋಕರಿಗೆಲ್ಲ ಕಾಣುತ್ತದೆ. ನೋಡಬೇಕಾದವರಿಗೆ ಮಾತ್ರ ಕಾಣುವುದಿಲ್ಲ ಎಂದರೆ ಅದು ಕಣ್ಣಿನ ದೋಷವಲ್ಲ.

ಹಾನಿ ಯಾರಿಗೆ ಎಂಬ ಪ್ರಶ್ನೆಗೆ ನಮ್ಮ ಮಳೆಯೇ ಉತ್ತರ ಕೊಡುತ್ತದೆ. 2018ರ ಮೇ 29ರಂದು ಮಂಗಳೂರು ಮುಳುಗಿದ್ದನ್ನು ಮರೆಯುವಂತಿಲ್ಲ. ಗುಡ್ಡ ಮತ್ತು ಕಣಿವೆಗಳ ಊರು ನಮ್ಮದು. ಗುಡ್ಡದ ನೀರು ತೋಡಿಗೆ, ತೋಡು ರಾಜಕಾಲುವೆಗೆ, ಅದು ನದಿಗೆ. ತೋಡಿನ ಅಂಚಿನಲ್ಲಿ ಬಿಡಬೇಕಾದ ಜಾಗವನ್ನು ಬಿಡದೆ ಕಟ್ಟಿದವನ ಮನೆ ಎತ್ತರದಲ್ಲಿರಬಹುದು, ನೀರು ನುಗ್ಗುವುದು ಕೆಳಗಿನವನ ಅಡುಗೆ ಕೋಣೆಗೆ. ಇಬ್ನುರ್ರಾಮಿ ಅಳತೆ ಪಟ್ಟಿ ಹಿಡಿದು ನಿಂತದ್ದು ಇಂಥಲ್ಲೇ.

ಸರಕಾರಗಳು ಈ ಗಂಟನ್ನು ಬಿಡಿಸಲು ಆರಿಸಿಕೊಂಡ ಹಾದಿಯ ಹೆಸರು 'ಅಕ್ರಮ ಸಕ್ರಮ'. ಯೋಜನಾ ಕಾಯಿದೆಗೆ 76-ಎಫ್‌ಎಫ್ ಎಂಬ ಕಲಮು ಸೇರಿತು. ಅದರಡಿ 2014ರಲ್ಲಿ ಬಂದ ನಿಯಮಗಳ ಪ್ರಕಾರ ವಾಸದ ಕಟ್ಟಡಗಳಲ್ಲಿ ಶೇ. 50ರವರೆಗಿನ, ಇತರ ಕಟ್ಟಡಗಳಲ್ಲಿ ಶೇ. 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡಬಹುದಿತ್ತು. ಹೈಕೋರ್ಟು 2016ರ ಡಿಸೆಂಬರಿನಲ್ಲಿ ಇದನ್ನು ಎತ್ತಿಹಿಡಿಯಿತು. ಒಂದೇ ತಿಂಗಳಲ್ಲಿ, 2017ರ ಜನವರಿಯಲ್ಲಿ, ಸುಪ್ರೀಂ ಕೋರ್ಟು ತಡೆ ನೀಡಿತು. 2025ರ ಆರಂಭದಲ್ಲಿ ಸರಕಾರ ಅನಧಿಕೃತ ಬಡಾವಣೆಗಳ ಆಸ್ತಿಗಳಿಗೆ ದುಪ್ಪಟ್ಟು ತೆರಿಗೆ ಪಡೆದು 'ಬಿ ಖಾತಾ' ಕೊಡುವ ಅಭಿಯಾನಕ್ಕೆ ಇಳಿಯಿತು. ಐದು ಸೆಂಟ್ಸು ಕೊಂಡು ಮೋಸಹೋದ ಕೊಲ್ಲಿ ದುಡಿಮೆಗಾರನ ಕುಟುಂಬಕ್ಕೆ ಇಂಥ ದಾರಿ ಬೇಕೇ ಬೇಕು ಎಂದು ನಾವು ಹೇಳುತ್ತೇವೆ. ಆದರೆ ನಿಯಮ ಮುರಿದು ವಾಣಿಜ್ಯ ಸಂಕೀರ್ಣ ಎಬ್ಬಿಸಿದವನೂ ಅದೇ ಸಾಲಿನಲ್ಲಿ ನಿಂತು ರಶೀದಿ ಪಡೆಯುವುದಾದರೆ ಉಡುಪಿಯ ತೀರ್ಪು ಯಾತಕ್ಕೆ?

ಕಟ್ಟಡವೇ ಇಲ್ಲದವರ ವಿಷಯ ಬೇರೆ. ಮುಂಬೈಯ ಕಾಲುದಾರಿ ವಾಸಿಗಳ ಮೊಕದ್ದಮೆಯಲ್ಲಿ, ಓಲ್ಗಾ ಟೆಲ್ಲಿಸ್ ಪ್ರಕರಣವೆಂದು ಅದು ಪ್ರಸಿದ್ಧ, ಸುಪ್ರೀಂ ಕೋರ್ಟು 1985ರಲ್ಲಿ ಜೀವನೋಪಾಯವೂ ಜೀವಿಸುವ ಹಕ್ಕಿನ ಭಾಗ ಎಂದಿತು. ಆದರೂ ತೆರವಿಗೆ ಒಪ್ಪಿತು, ಮಳೆಗಾಲ ಕಳೆದು ಅಕ್ಟೋಬರ್ 31ರವರೆಗೆ ಕಾಯಿರಿ ಎಂದಷ್ಟೇ ಕರುಣೆ ತೋರಿತು. ಬೀದಿ ವ್ಯಾಪಾರಿಗಳಿಗೆ 2014ರಲ್ಲಿ ಪ್ರತ್ಯೇಕ ಕಾಯಿದೆಯೇ ಬಂತು. ಸಮೀಕ್ಷೆ ಮುಗಿಯುವವರೆಗೆ ಎಬ್ಬಿಸಬಾರದು, ಎಬ್ಬಿಸುವುದಾದರೆ 30 ದಿನಗಳ ನೋಟೀಸು ಕೊಡಬೇಕು ಎಂದು ಅದು ಹೇಳುತ್ತದೆ. ನಮ್ಮ ಊರಿನಲ್ಲಿ ಗಾಡಿಗಳನ್ನು ಎತ್ತಿಹಾಕುವ ಕೆಲಸಕ್ಕೆ 'ಟೈಗರ್ ಕಾರ್ಯಾಚರಣೆ' ಎಂದು ಹೆಸರಿಟ್ಟರು. ಚರುಮುರಿ ಗಾಡಿಯ ಎದುರು ಹುಲಿ! ಕಥೆ ಬರೆಯುವ ನಮಗೂ ಇಂಥ ಹೆಸರು ಹೊಳೆಯುತ್ತಿರಲಿಲ್ಲ.

ಕೊನೆಗೆ 2024. ಆರೋಪಿ ಎಂಬ ಕಾರಣಕ್ಕೆ ಮನೆಯ ಮೇಲೆ ಬುಲ್ಡೋಝರ್ ಹರಿಸುವ ಪದ್ಧತಿ ಹಲವು ರಾಜ್ಯಗಳಿಗೆ ಹಬ್ಬಿತ್ತು. ಅದರ ಬಲಿಪಶುಗಳಲ್ಲಿ ಮುಸ್ಲಿಮರ ಮನೆಗಳು ಎಷ್ಟಿದ್ದವು ಎಂಬುದನ್ನು ದೇಶ ನೋಡಿದೆ. ಪ್ರತಿ ಬಾರಿಯೂ ಹೊರಗೆ ಹೇಳಿದ ಕಾರಣ ಮಾತ್ರ ಪುರಸಭಾ ಕಾನೂನಿನ ಉಲ್ಲಂಘನೆ. ನವೆಂಬರ್ 13ರಂದು ನ್ಯಾಯಮೂರ್ತಿಗಳಾದ ಬಿ. ಆರ್. ಗವಾಯಿ ಮತ್ತು ಕೆ. ವಿ. ವಿಶ್ವನಾಥನ್ ಅವರ ಪೀಠ ಇದಕ್ಕೆ ನಿಯಮ ಹಾಕಿತು. ಕನಿಷ್ಠ 15 ದಿನಗಳ ನೋಟೀಸು, ನೋಂದಾಯಿತ ಅಂಚೆಯಲ್ಲಿ ರವಾನೆ ಮತ್ತು ಕಟ್ಟಡದ ಮೇಲೆ ಪ್ರತಿ, ಜಿಲ್ಲಾಧಿಕಾರಿಗೆ ಮಾಹಿತಿ, ಖುದ್ದು ವಿಚಾರಣೆ, ಕಾರಣ ಬರೆದ ಆದೇಶ, ಆದೇಶದ ಬಳಿಕ ಮತ್ತೆ 15 ದಿನ, ಕೆಡಹುವಾಗ ವಿಡಿಯೋ ಚಿತ್ರೀಕರಣ. ಮೀರಿದ ಅಧಿಕಾರಿ ತನ್ನ ಕೈಯಿಂದಲೇ ಮರುನಿರ್ಮಾಣದ ಖರ್ಚು ಕೊಡಬೇಕು. ರಸ್ತೆ, ಕಾಲುದಾರಿ, ರೈಲ್ವೆ ಹಳಿ, ನದಿ ಮತ್ತಿತರ ಜಲಮೂಲಗಳ ಮೇಲಿನ ಒತ್ತುವರಿಗೆ ಇದು ಅನ್ವಯಿಸುವುದಿಲ್ಲ. ಕೂಪರನ ಹಕ್ಕು ಹೀಗೆ 161 ವರ್ಷಗಳ ನಂತರ ದಿನಗಳ ಲೆಕ್ಕದಲ್ಲಿ ನಮಗೆ ಸಿಕ್ಕಿತು.

ಐದು ವಾರದೊಳಗೆ, ಡಿಸೆಂಬರ್ 17ರಂದು, ಅದೇ ನ್ಯಾಯಾಲಯ ಉತ್ತರ ಪ್ರದೇಶದ ಇನ್ನೊಂದು ಪ್ರಕರಣದಲ್ಲಿ ಅಕ್ರಮ ಕಟ್ಟಡಗಳ ಬಗ್ಗೆ ಅಷ್ಟೇ ಬಿಗಿಯಾಗಿ ಮಾತಾಡಿತು. ಕಾಲ ಕಳೆದದ್ದು, ಹಣ ಹಾಕಿದ್ದು, ಅಧಿಕಾರಿಗಳು ಸುಮ್ಮನಿದ್ದದ್ದು ಯಾವುದೂ ಅಕ್ರಮವನ್ನು ಸಕ್ರಮ ಮಾಡುವುದಿಲ್ಲ. ಪೂರ್ಣತೆ ಅಥವಾ ವಾಸದ ಪ್ರಮಾಣಪತ್ರ ತೋರಿಸದೆ ವಿದ್ಯುತ್ತು, ನೀರಿನ ಸಂಪರ್ಕ ಇಲ್ಲ. ಎರಡು ತೀರ್ಪುಗಳು ಒಂದಕ್ಕೊಂದು ವಿರುದ್ಧ ಎಂದು ಕೆಲವರು ಭಾವಿಸುತ್ತಾರೆ. ನಮಗೆ ಹಾಗನಿಸುವುದಿಲ್ಲ. ಒಂದು ಕೆಡಹುವವನ ಕೈ ಹಿಡಿಯುತ್ತದೆ, ಇನ್ನೊಂದು ಕಟ್ಟುವವನ ಕೈ ಹಿಡಿಯುತ್ತದೆ. ಪರವಾನಗಿಯ ಪ್ರತಿ, ಮಂಜೂರಾದ ನಕ್ಷೆ, ಭೂಪರಿವರ್ತನೆಯ ಆದೇಶ, ತೆರಿಗೆ ರಶೀದಿ ಇವುಗಳನ್ನು ಒಂದೇ ಕಡತದಲ್ಲಿ ಜೋಪಾನವಾಗಿಟ್ಟ ಮನೆಗೆ ನೋಟೀಸು ಬಂದರೆ, ಉತ್ತರ ಬರೆಯಲು ಹದಿನೈದು ದಿನ ಧಾರಾಳ ಸಾಕು.